ದೋಣಿಯ ಮೋಟಾರು ಮತ್ತು ನನ್ನ ಒಂಬತ್ತು ಕಲ್ಲುಗಳು

ಉಮಾ, ಗುರು, ಪುಟ್ಟ ಶೈಲಾ, ನಿಮ್ಮ ಅಜ್ಜಿಯನ್ನು ಎಲ್ಲರೂ ಬಾಯಿಲ್ಲದ ಹೆಂಗಸು ಎಂದು ಹೊಗಳುವುದನ್ನು ನೀವು ಕೇಳಿದ್ದೀರಿ. ಹೊಗಳಿಕೆಯನ್ನು ಯಾರು ತಾನೇ ಬೇಡವೆನ್ನುತ್ತಾರೆ? ನಾನೂ ತಲೆ ತಗ್ಗಿಸಿಕೊಂಡೇ ತೆಗೆದುಕೊಂಡಿದ್ದೇನೆ. ನಾಚಿಕೆ ನನಗೆ ಹುಟ್ಟಿನಿಂದ ಬಂದದ್ದು. ಊರ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಬದಲು ಪಕ್ಕದವಳು ಉತ್ತರ ಕೊಡುತ್ತಿದ್ದಳು. ಮದುವೆಯಲ್ಲಿ ಗಂಡನ ಹೆಸರು ಹೇಳು ಎಂದು ಹೆಂಗಸರು ಬಾಗಿಲು ಕಟ್ಟಿ ನಿಂತಾಗ, ಹೇಳಲಾರದೆ ಅತ್ತುಬಿಟ್ಟೆ; ಕೊನೆಗೆ ಅವರೇ ಸೋತು ದಾರಿ ಬಿಟ್ಟರು. ಆದರೆ ಈ ಬಾಯಿಲ್ಲದವಳ ದೆಸೆಯಿಂದ ಗುಂಡ್ಲುಪೇಟೆಯ ಒಬ್ಬ ಒಳ್ಳೆಯ ಕೆಲಸಗಾರನ ಮಾನ ಹೋಗುವುದರಲ್ಲಿತ್ತು. ಅದನ್ನು ಬಾಯಲ್ಲಿ ಹೇಳಲು ಈಗಲೂ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಿಳಿಯರು ಹೋಗಿ ಆರೇಳು ವರ್ಷವಾಗಿತ್ತು. ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಗೂಡಲೂರಿನ ಕಡೆ ಟೀ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟವನು ಮನೆಯ ಸಾಮಾನೆಲ್ಲ ಮಾರಿದ. ಅರಿಸಿನ ಮಾರಿ ಬರಲು ಆ ಕಡೆ ಹೋಗಿದ್ದ ನಿಮ್ಮ ತಾತ, ಒಂದು ಒಳ್ಳೆಯ ಮಂಚ ತರುತ್ತೇನೆ ಎಂದು ಹೇಳಿ ಕಳಿಸಿ, ದೋಣಿಯ ಹಿಂಬದಿಗೆ ಸಿಕ್ಕಿಸುವ ಒಂದು ಹಳೆಯ ಮೋಟಾರು ತಂದರು. ಬಂಡೀಪುರದ ಕಾಡು ದಾಟುವಷ್ಟು ಹೊತ್ತೂ ಲಾರಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಹೆತ್ತ ಮಗನನ್ನು ಅವರು ಅಷ್ಟು ಹೊತ್ತು ಎತ್ತಿಕೊಂಡದ್ದನ್ನು ನಾನು ನೋಡಿಲ್ಲ. ನಮ್ಮ ಮನೆ ಕೆರೆಯ ಈ ದಡದಲ್ಲಿ, ಅರಿಸಿನದ ಹೊಲ ಆ ದಡದಲ್ಲಿ. ಏರಿಯ ಮೇಲೆ ಸುತ್ತಿಕೊಂಡು ಗಾಡಿಯಲ್ಲಿ ಹೋಗಬೇಕು. ಇನ್ನು ಗಾಡಿ ಯಾಕೆ ಎಂದು ಬಡಗಿಯಿಂದ ಹಲಸಿನ ಮರದ ದೋಣಿ ಮಾಡಿಸಿದರು. ಮೊದಲ ದಿನ ದೋಣಿ ನೀರಿಗಿಳಿದಾಗ ನಡುಗೆರೆಯಲ್ಲಿ ಎದ್ದು ನಿಂತು ನನಗೆ ಕೈ ಬೀಸಿದರು. ದೋಣಿ ಓಲಾಡಿತು. ದಡದ ಮೆಟ್ಟಿಲುಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ನನಗೆ ಜೀವವೇ ಹಾರಿಹೋಯಿತು. ಯಾಕೆಂದರೆ ನಿಮ್ಮ ತಾತನಿಗೆ ಈಜು ಬರುತ್ತಿರಲಿಲ್ಲ.

ಹೋಗಬೇಡಿ ಎನ್ನಬಹುದಿತ್ತು. ಆದರೆ ನಾನು ಅವರಿಗೆ ಎದುರಾಡಿದವಳಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅವರು ತಪ್ಪು ಹೇಳಿದರೂ ಹೂಂ ಎನ್ನುತ್ತಿದ್ದವಳು. ಖಾಲಿ ಗಾಡಿ ಎಗರಾಡುತ್ತದೆ, ಹೇರು ತುಂಬಿದ ಗಾಡಿ ನೆಟ್ಟಗೆ ಹೋಗುತ್ತದೆ ಎಂಬುದು ನನ್ನ ತಲೆಗೆ ಹೊಳೆಯಿತು. ಮಾರನೆಯ ಬೆಳಿಗ್ಗೆ ಬಟ್ಟೆ ಗಂಟಿನಲ್ಲಿ ಎರಡು ದುಂಡು ಕಲ್ಲು ಸುತ್ತಿಕೊಂಡು ಹೋಗಿ, ದೋಣಿಯ ಮೂತಿಯ ಹಲಗೆಯ ಕೆಳಗೆ, ಗೋಣಿಚೀಲದ ಅಡಿಯಲ್ಲಿ ಇಟ್ಟು ಬಂದೆ. ದೋಣಿ ಓಲಾಡುವುದು ನಿಂತಿತು. ಓಡುವುದೂ ನಿಂತಿತು.

ನಮ್ಮ ಗಾಡಿ ಹೊಡೆಯುವ ನಂಜ ದಿನಾ ಏರಿಯ ಮೇಲೆ ಬಂದು ಆ ದಡದಲ್ಲಿ ಇವರಿಗಾಗಿ ಕಾಯುತ್ತಿದ್ದ. "ಈಗ್ ಬಂದ್ರಾ ಬುದ್ಧಿ? ನನ್ ಎತ್ತು ನೀರ್ ಕುಡ್ದು, ಮೇವು ತಿಂದು, ಮೆಲುಕಾಕ್ತಾ ಅವೆ ನೋಡಿ. ಆ ಮಿಷಿನ್‌ಗೂ ಒಂದ್ ಹಿಡಿ ಹುಲ್ಲಾಕನಾ?" ಎನ್ನುತ್ತಿದ್ದನಂತೆ. ಮನೆಗೆ ಬಂದು ಇದನ್ನು ಹೇಳುವಾಗ ನಿಮ್ಮ ತಾತನ ಕಿವಿ ಕೆಂಪಾಗಿರುತ್ತಿತ್ತು. ಕೊನೆಗೆ ಗುಂಡ್ಲುಪೇಟೆಯಿಂದ ಗಫೂರ್ ಸಾಹೇಬರನ್ನು ಕರೆಸಿದರು. ಕೆಟ್ಟು ನಿಂತ ಲಾರಿಯನ್ನು ಅವರು ಬರೀ ಕಿವಿಗೊಟ್ಟು ಕೇಳಿಯೇ ಇಂಥ ಕಡೆ ರೋಗ ಎನ್ನುತ್ತಿದ್ದರು. ಅವರು ಮೋಟಾರನ್ನು ನಮ್ಮ ಜಗಲಿಯ ಮೇಲೆ ಬಿಚ್ಚಿ, ಒಳಗೆ ಕಟ್ಟಿದ್ದ ಮಸಿಯನ್ನೆಲ್ಲ ಕೆರೆದು ತೆಗೆದರು. ಮರುದಿನ ಅದರ ದನಿಯೇ ಬೇರೆಯಾಯಿತು. ಆ ದನಿಗೆ ಹೆದರಿ ನಾನು ಇನ್ನೆರಡು ಕಲ್ಲು ಇಟ್ಟೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಹೆಚ್ಚಾಗಿದೆ ಎಂದು ಅವರು ಕಮ್ಮಿ ಮಾಡಿಸಿದರು, ಹೊಗೆ ನಿಂತಿತು. ಎರಡು ಕಲ್ಲು. ನೀರು ಸೀಳುವ ರೆಕ್ಕೆಗಳ ಅಂಚು ಮುಕ್ಕಾಗಿದೆ ಎಂದು ಇಡೀ ದಿನ ಕೂತು ಅರ ಹಾಕಿ ಉಜ್ಜಿದರು. ಅವರ ಶ್ರದ್ಧೆ ನೋಡಿ ನನಗೆ ಭಯ ಹೆಚ್ಚಾಗಿ ಮೂರು ಕಲ್ಲು ಇಟ್ಟೆ. ಅವರು ಎಷ್ಟು ಶಕ್ತಿ ಕೂಡಿಸುತ್ತಿದ್ದರೋ ನಾನು ಅಷ್ಟನ್ನೂ ಕಳೆಯುತ್ತಿದ್ದೆ. ಶಾಲೆಯಲ್ಲಿ ಲೆಕ್ಕ ಬರುತ್ತಿರಲಿಲ್ಲ ಎಂದು ನನಗೆ ಹೊಡೆದ ಮೇಷ್ಟ್ರು ಅದನ್ನು ನೋಡಬೇಕಿತ್ತು.

"ಇಂಜಿನ್ ಹುಲಿ ಇದ್ದಂಗೈತೆ ಸ್ವಾಮಿ. ದೋಣಿ ಯಾಕೆ ಹೋಗಲ್ಲ ಅಂತ ನಂಗೇ ಅರ್ಥ ಆಗ್ತಿಲ್ಲ" ಎಂದು ಸಾಹೇಬರು ಒಂದು ದಿನ ತಲೆಯ ಮೇಲೆ ಕೈ ಹೊತ್ತು ಕೂತರು. ನಿಮ್ಮ ತಾತ ಸಿಟ್ಟಿನಲ್ಲಿ, "ಎರಡು ತಿಂಗಳಾಯ್ತು ಸಾಬ್ರೇ. ಶನಿವಾರ ಗಾಡಿಗಿಂತ ಮುಂದೆ ಹೋಗ್ಲಿಲ್ಲ ಅಂದ್ರೆ ಮೈಸೂರಿಗೆ ತಗೊಂಡೋಗ್ತೀನಿ. ನಿಮ್ ಕೈಲಾಗಲ್ಲ ಅಂತ ಪೇಟೆಗೆಲ್ಲ ಗೊತ್ತಾಗ್ಲಿ" ಎಂದುಬಿಟ್ಟರು. ಸಾಹೇಬರು ನಿಧಾನವಾಗಿ ಕೈ ಒರೆಸಿಕೊಂಡು, "ಪೇಟೆಗೆ ಆಗ್ಲೇ ಗೊತ್ತಾಗೈತೆ ಸ್ವಾಮಿ. ಲಾರಿ ಡ್ರೈವರ್‌ಗಳು ನನ್ ಅಂಗಡಿ ಮುಂದೆ ದೋಣಿ ಹುಟ್ಟು ಹಾಕೋ ಹಂಗೆ ಕೈ ಆಡಿಸ್ಕೊಂಡು ಹೋಗ್ತಾರೆ. ಶನಿವಾರ ಆಗ್ಲಿಲ್ಲ ಅಂದ್ರೆ ಅಂಗಡಿ ಬಾಗ್ಲು ಹಾಕ್ತೀನಿ" ಎಂದರು. ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನಾನು ಇದನ್ನೆಲ್ಲ ಕೇಳಿಸಿಕೊಂಡೆ. ಕಲ್ಲು ತೆಗೆದರೆ ಇವರ ಜೀವದ ಭಯ, ಬಿಟ್ಟರೆ ಅವರ ಅನ್ನದ ಪಾಪ. ಮೂರು ದಿನ ಊಟ ಸೇರಲಿಲ್ಲ. ಹಾಗೆಂದು ಬಾಯೂ ಬಿಡಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಸಾಹೇಬರು ಒಬ್ಬರೇ ಕೆರೆಗೆ ಹೋಗಿದ್ದರು. ಸಂಜೆ ನಿಮ್ಮ ತಾತ ಇಲ್ಲದ ಹೊತ್ತು ಬಂದು, ಅಂಗಳದಲ್ಲೇ ನಿಂತು, ಗೋಡೆಯ ಕಡೆ ಮುಖ ಮಾಡಿ, "ಅಮ್ಮಾ, ನಿಮ್ ಬಟ್ಟೆ ಸೋಪು ದೋಣೀಲಿತ್ತು. ಮುಂದ್ಗಡೆ ಹಲಗೆ ಕೆಳ್ಗೆ" ಎಂದು ಜಗಲಿಯ ಮೇಲೆ ಸೋಪಿನ ತುಂಡು ಇಟ್ಟರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಅವರು ಕಲ್ಲಿನ ಹೆಸರನ್ನೇ ಎತ್ತಲಿಲ್ಲ. "ಸ್ವಾಮಿಗೆ ಹೇಳಲ್ಲ ತಾಯಿ. ಯಾಕೆ ಅಂತ ನಂಗೊಬ್ನಿಗೆ ಹೇಳಿ ಸಾಕು" ಎಂದರು. ಆಗ ಜೀವನದಲ್ಲಿ ಮೊದಲ ಸಲ ಪರಗಂಡಸಿನ ಎದುರು ನನ್ನ ದನಿ ಹೊರಟಿತು. "ಅವರಿಗೆ ಈಜು ಬರಲ್ಲ" ಎಂದೆ. ಸಾಹೇಬರು, "ಅಯ್ಯೋ, ಇಷ್ಟೇನಾ ತಾಯಿ? ಇದನ್ನ ಮೊದ್ಲೇ ಹೇಳಿದ್ರೆ ನನ್ ಎರಡು ತಿಂಗಳು ಉಳೀತಿತ್ತಲ್ಲ" ಎಂದು ಹೊರಟುಹೋದರು.

ಶನಿವಾರ ನಸುಕಿನಲ್ಲಿ ನಾನು ಒಂಬತ್ತು ಕಲ್ಲನ್ನೂ ನೀರಿಗೆ ಜಾರಿಸಿದೆ. ಸಾಹೇಬರು ಬಂದು, ಗಾಳಿ ತುಂಬಿದ ಎರಡು ಲಾರಿ ಟ್ಯೂಬುಗಳನ್ನು ದೋಣಿಯ ಎರಡು ಪಕ್ಕಕ್ಕೂ ಕಟ್ಟಿ, ಮೂರನೆಯದನ್ನು ನಿಮ್ಮ ತಾತನ ತಲೆಯ ಮೇಲಿಂದ ಇಳಿಸಿ ಹೊಟ್ಟೆಗೆ ಸಿಕ್ಕಿಸಿದರು. "ಇದೇನ್ರೀ ಇದು?" ಎಂದರೆ, "ವೇಗ ಜಾಸ್ತಿ ಆದ್ರೆ ಇದು ಇರ್ಲೇಬೇಕು ಸ್ವಾಮಿ" ಎಂದರು. ಮೋಟಾರಿನ ಹಗ್ಗ ಎಳೆದದ್ದೇ ತಡ, ದೋಣಿ ಮೂತಿ ಎತ್ತಿಕೊಂಡು ನೀರನ್ನು ಎರಡು ಹೋಳು ಮಾಡಿ ಹಾರಿತು. ನಂಜನ ಗಾಡಿ ಏರಿಯ ಅರ್ಧದಲ್ಲಿರುವಾಗಲೇ ಇವರು ಆ ದಡ ಮುಟ್ಟಿ, ನಿಲ್ಲಿಸಲು ತಿಳಿಯದೆ ಜೊಂಡಿನೊಳಗೆ ನುಗ್ಗಿ, ಟ್ಯೂಬಿನ ಸಮೇತ ಕೆಸರಿನಲ್ಲಿ ಕೂತಿದ್ದರು. ನಂಜ ಬಂದವನು, "ಇವತ್ತು ಎತ್ಗೆ ಮೈ ಸರಿ ಇಲ್ಲ ಬುದ್ಧಿ" ಎಂದನಂತೆ. ಅಂದೇ ನಿಮ್ಮ ತಾತ ಕೆಸರು ಬಟ್ಟೆಯಲ್ಲೇ ಪೇಟೆಗೆ ಹೋಗಿ, ಸಾಹೇಬರ ಅಂಗಡಿಯ ಮುಂದೆ ನಿಂತು, ಇಂಥ ಕೈ ಮೈಸೂರಿನಲ್ಲೂ ಇಲ್ಲ ಎಂದು ಡ್ರೈವರುಗಳಿಗೆಲ್ಲ ಕೇಳುವಂತೆ ಹೇಳಿ ಬಂದರು.

ಅವರು ಊಟಕ್ಕೆ ಕೂತಾಗ ನನಗೆ ಪಾಠವಾಯಿತು. "ನಿಮಗೆ ಹೆಂಗಸರಿಗೆ ಇದೆಲ್ಲ ತಿಳಿಯಲ್ಲ. ಎಲ್ಲಾ ಇರೋದು ಆ ರೆಕ್ಕೆ ಅಂಚಿನಲ್ಲಿ." ನಾನು ಹೌದೇ ಎಂದು ಅನ್ನ ಬಡಿಸಿದೆ. ಆಮೇಲೆ ನಿಮ್ಮ ತಾತ ಎಷ್ಟೋ ವರ್ಷ ಬಾಳಿ, ಹಾಸಿಗೆಯ ಮೇಲೆ ಸುಖವಾಗಿ ಕಣ್ಣು ಮುಚ್ಚಿದರು. ಅಲ್ಲಿಯವರೆಗೂ ಬಂದವರಿಗೆಲ್ಲ ರೆಕ್ಕೆಯ ಅಂಚಿನ ಕತೆ ಹೇಳಿದರು, ನಾನು ಪಕ್ಕದಲ್ಲಿ ನಿಂತು ಪ್ರತಿ ಸಲವೂ ಹೂಂಗುಟ್ಟಿದೆ. ಹೇಳಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಮೂರು ಮಾತು ಆಡಲು ನಾಚಿ ಒಂಬತ್ತು ಕಲ್ಲು ಹೊತ್ತವಳನ್ನು ಸಾಧು ಎನ್ನಬೇಕೋ ದಡ್ಡಿ ಎನ್ನಬೇಕೋ ನೀವೇ ತೀರ್ಮಾನಿಸಿ. ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಇಡಿ, ಮಕ್ಕಳೇ. ನಾನು ಇರುವಾಗ ಮಾತ್ರ ಯಾರಿಗೂ ಓದಿ ಹೇಳಬೇಡಿ, ನನಗೆ ನಾಚಿಕೆಯಾಗುತ್ತದೆ.