ಒಣಗದ ಅಜ್ಜಿ

ಮನುಷ್ಯರ ಮೂಗನ್ನು ಸ್ಕೇಲು ಹಿಡಿದು ಬರೆಯಲು ಬರುವುದಿಲ್ಲ ಎಂಬ ಸತ್ಯ ನನಗೆ ಗೊತ್ತಾದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಮೂವತ್ತು ವರ್ಷ ಹೈದರಾಬಾದಿನ ನಾಚಾರಂನ ಕಾರ್ಖಾನೆಯೊಂದರಲ್ಲಿ ಕೂತು ವಾಲ್ವುಗಳ ನಕ್ಷೆ ಬರೆದವಳು ನಾನು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಅವತ್ತು ಊಟ ಸೇರುತ್ತಿರಲಿಲ್ಲ. ಇಂಥ ಕೈಗೆ ಒಂದು ಮುಖ ಯಾವ ಲೆಕ್ಕ ಎಂದುಕೊಂಡಿದ್ದೆ. ಜಂಬ, ಇನ್ನೇನು! ನಾನು ಬರೆದ ಮೊದಲ ಮುಖವನ್ನು ತಿರುಗಿಸಿ ಮುರುಗಿಸಿ ನೋಡಿದ ನಮ್ಮ ಚಿತ್ರದ ಉಸ್ತಾದರು, "ಬಹುತ್ ಅಚ್ಛಾ ಮೇಡಂ, ಇಸ್ಮೆ ಪಾನೀ ಕಿಧರ್ ಸೇ ಆತಾ?" ಎಂದು, ನಲ್ಲಿ ನೋಡಿದವರ ಹಾಗೆ, ನೀರು ಬರುವ ದಾರಿ ಕೇಳಿದರು.

ಈ ವಯಸ್ಸಿನಲ್ಲಿ ಎಣ್ಣೆಬಣ್ಣ ಕಲಿಯಲು ಹೊರಟದ್ದಕ್ಕೆ ಕಾರಣ ನಮ್ಮವ್ವ. ಎಂಬತ್ತೆರಡು ವರ್ಷ, ಇದೇ ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಜೀವಮಾನವೆಲ್ಲ ಪಾಠ ಹೇಳಿದವಳು. ಹೋದ ವರ್ಷ ಪರಿಚಯದವರ ಮನೆಗೆ ಮಾತನಾಡಿಸಲು ಹೋಗಿ, ಗೋಡೆಯ ಮೇಲೆ ಅವರ ತೀರಿಹೋದ ಅತ್ತೆಯ ಫೋಟೋ ನೋಡಿ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರುವಾಯಿತು: "ಏ ಸುಮಾ, ರೇಷನ್ ಕಾರ್ಡಿನ ಫೋಟೋ ದೊಡ್ಡದು ಮಾಡಿ ಮಾಲಿ ಹಾಕ್ಯಾರ. ಪಾಪ, ಕಳ್ಳಿಗತೆ ಕಾಣ್ತಾಳ. ನನಗ ಹಂಗ ಮಾಡೀರಿ ಮತ್ತ! ನೀ ಹೆಂಗೂ ಚಿತ್ರ ತಗೀತಿ. ನಾ ಕಣ್ಣ ಮುಂದ ಇದ್ದಾಗನ ನನ್ನದೊಂದು ಛಲೋ ಚಿತ್ರ ತಗೀ." ವಾಲ್ವು ಬೇರೆ, ಅವ್ವ ಬೇರೆ ಎಂದರೆ ಕೇಳುವವಳೇ?

ಉಸ್ತಾದರ ಕ್ಲಾಸು ಸುಲ್ತಾನ್ ಬಜಾರಿನಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಬದುಕಿರುವವರ ಮುಖಕ್ಕೆ ಕೈ ಹಾಕುವ ಮೊದಲು ಹಳೆಯ ಕಾಲದ ದೊಡ್ಡ ಕಲಾವಿದರ ಚಿತ್ರವೊಂದನ್ನು ನಕಲು ಮಾಡಲೇಬೇಕು ಎಂಬುದು ಅವರ ಪದ್ಧತಿ. ನನ್ನ ಪಾಲಿಗೆ ಬಂದದ್ದು ನೂರಾರು ವರ್ಷ ಹಿಂದಿನ ಒಬ್ಬ ಡಚ್ ಅಜ್ಜಿ. ತಲೆಗೆ ಬಿಳಿ ಟೊಪ್ಪಿಗೆ, ಮುಖದ ತುಂಬ ಸುಕ್ಕು. "ಓಲ್ಡ್ ಮಾಸ್ಟರ್ ಕಾಪಿ ಮಾಡಾಕತ್ತೀನಿ ಅವ್ವಾ" ಎಂದು ಹೆಮ್ಮೆಯಿಂದ ಹೇಳಿದೆ. ಅವ್ವನ ಮುಖ ಕಪ್ಪಿಟ್ಟಿತು. ಪರೀಕ್ಷೆಯಲ್ಲಿ ಎಷ್ಟು ಮಕ್ಕಳ ಅಂಗಿತೋಳಿನಿಂದ ಚೀಟಿ ಎಳೆದವಳು ಅವಳು! "ಮಾಸ್ತರಾಗಿ ಕಾಪಿ ಹೊಡೀತಾರ? ಅದೂ ಮುದುಕ ಮಾಸ್ತರ! ಅವಂಗ ನಾಚಿಕಿಲ್ಲ, ನಿನಗರ ಬ್ಯಾಡ?" ಈ ಮಾಸ್ತರ ಶಾಲೆಯವನಲ್ಲ, ಈ ಕಾಪಿ ಚೀಟಿಯದಲ್ಲ ಎಂದು ತಿಳಿಸುವಷ್ಟರಲ್ಲಿ ಎರಡು ಸಲ ಚಹಾ ಆರಿತು. ಕೊನೆಗೆ ಒಪ್ಪಿದಳು. ಆದರೆ "ನೋಡಿ ಬರದದ್ದು" ಅಂತ ಕೆಳಗೆ ಬರೆಯಬೇಕಂತೆ.

ಅಬ್ಬಾ, ಆಮೇಲಿನ ಸುಖವೇ ಸುಖ! ಕೆನ್ನೆ ಎಂದರೆ ಗುಲಾಬಿ ಎಂದು ತಿಳಿದಿದ್ದೆ. ನೋಡಿದರೆ ಅದರಲ್ಲಿ ಹಳದಿಯಿದೆ, ಹಸಿರೂ ಇದೆ. ಗಲ್ಲದ ಕೆಳಗೆ ತುಸು ಹಸಿರು ಹಚ್ಚಿದ ದಿನ ಅಜ್ಜಿ ಉಸಿರಾಡಿದಂತಾಗಿ ನಾನು ಬಾಲ್ಕನಿಯಲ್ಲಿ ಕೂಗಿಯೇಬಿಟ್ಟೆ. ಅವ್ವ ಹಿಂದೆ ಕುರ್ಚಿ ಹಾಕಿಕೊಂಡು, "ಎಡಗಣ್ಣು ನಿದ್ದಿಗಣ್ಣು ಆಗೇತಿ ನೋಡು" ಎಂದು ತಿದ್ದುತ್ತಿದ್ದಳು.

ಅಷ್ಟರಲ್ಲಿ ಎಣ್ಣೆ ಮುಗಿಯಿತು. ಬಣ್ಣ ತೆಳು ಮಾಡಲು ಉಸ್ತಾದರು ಹೇಳಿದ್ದು ಅಲ್ಸಿ ತೇಲ್, ಅಂದರೆ ಅಗಸೆ ಎಣ್ಣೆ. ನಮ್ಮ ಮಂದಿಗೆ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಚಟ್ನಿಪುಡಿ. ಎಣ್ಣಿ ಎಂದರೆ ಶೇಂಗಾ ಎಣ್ಣಿ. ಗಾಣದಲ್ಲಿ ತೆಗೆಸಿ ವಿಜಯಪುರದಿಂದ ತರಿಸಿದ ಡಬ್ಬಿ ಅಡುಗೆಮನೆಯಲ್ಲೇ ಇತ್ತು. ಆ ಗದ್ದಲದ ಬಜಾರಿಗೆ ಯಾರು ಹೋಗಬೇಕು, ಎಣ್ಣೆಯಲ್ಲಿ ಎಂಥ ಜಾತಿ ಎಂದು ಬಟ್ಟಲು ತುಂಬ ಸುರಿದುಕೊಂಡೆ. ಬಣ್ಣ ಬೆಣ್ಣೆಯ ಹಾಗೆ ಜಾರಿತು. ಇಷ್ಟು ಸುಲಭದ ಗುಟ್ಟು ಆ ಡಚ್ಚರಿಗೆ ಹೊಳೆಯಲಿಲ್ಲವಲ್ಲ ಎಂದು ಮರುಗಿದ್ದೂ ಉಂಟು.

ಎರಡು ತಿಂಗಳಾಯಿತು, ಅಜ್ಜಿ ಒಣಗಲಿಲ್ಲ. ಟೊಪ್ಪಿಗೆಗೆ ಸೊಳ್ಳೆ ಅಂಟಿತು. ಒಣಗಿತೇ ನೋಡಲು ಹೋಗಿ ಅವ್ವ ಕೆನ್ನೆಯ ಮೇಲೆ ಹೆಬ್ಬೆಟ್ಟು ಒತ್ತಿ ಬಂದಳು. ಕಡೆಗೆ ಅಜ್ಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಉಸ್ತಾದರ ಹತ್ತಿರ ಒಯ್ದೆ. ಅವರು ಮೂಸಿ ನೋಡಿದರು. "ಮೂಂಗ್‌ಫಲೀ ಕಾ ತೇಲ್ ಡಾಲೇ ಕ್ಯಾ ಮೇಡಂ? ಕಾಯ್ಕು ಡಾಲೇ?" ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದಂತೆ, ಶೇಂಗಾ ಎಣ್ಣೆ ಜನ್ಮದಲ್ಲಿ ಒಣಗುವುದಿಲ್ಲವಂತೆ. ಮೊದಲಿನಿಂದ ಇನ್ನೊಂದು ಅಜ್ಜಿ ಬರೆಯಬೇಕು, ಅದು ಸರಿಯಾದ ಮೇಲೆಯೇ ಅವ್ವನ ಚಿತ್ರ ಎಂದರು.

ದಾರಿಯುದ್ದಕ್ಕೂ ನನಗೆ ಅಳು ಬಂತು. ಎಂಬತ್ತೆರಡು ವರ್ಷದವಳಿಗೆ ಇನ್ನೊಂದು ವರ್ಷ ತಡಿ ಎಂದು ಯಾವ ಬಾಯಿಂದ ಹೇಳಲಿ? ಹೇಗೋ ಹೇಳಿದೆ. ಅವ್ವ ಕೇಳಿದಳು:

"ಜನ್ಮದಾಗ ಒಣಗಂಗಿಲ್ಲಂತ?"

"ಇಲ್ಲಂತ."

"ಹಂಗಾದ್ರ ನಂದೂ ಶೇಂಗಾ ಎಣ್ಣ್ಯಾಗನ ತಗೀ. ಹಸೀ ಚಿತ್ರಕ್ಕ ಯಾರು ಮಾಲಿ ಹಾಕ್ತಾರ?" ಎಂದು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಾನೂ ನಕ್ಕೆ, ಕಣ್ಣೊರೆಸಿಕೊಂಡು ಮತ್ತೆ ನಕ್ಕೆ.

ಎರಡನೆಯ ಅಜ್ಜಿ ಅಗಸೆ ಎಣ್ಣೆಯಲ್ಲಿ ಖಡಕ್ಕಾಗಿ ಒಣಗಿದ್ದಾಳೆ. ಉಸ್ತಾದರ ಅಪ್ಪಣೆಯೂ ಆಗಿದೆ. ನಾಳೆ ಅವ್ವನ ಚಿತ್ರ ಶುರು. ಅಗಸೆ ಎಣ್ಣೆಯ ಹೊಸ ಬಾಟಲಿ ಮೇಜಿನ ಮೇಲೆಯೇ ಇದೆ. ಮೂವತ್ತು ವರ್ಷ ಒಂದು ಗೆರೆ ತಪ್ಪದವಳು ನಾನು, ಬೆಳಿಗ್ಗೆಯಿಂದ ಖಾಲಿ ಬಟ್ಟಲು ಹಿಡಿದುಕೊಂಡು ಅಡುಗೆಮನೆಯ ಶೇಂಗಾ ಎಣ್ಣೆ ಡಬ್ಬಿಯ ತನಕ ಮೂರು ಸಲ ಹೋಗಿ ಬಂದಿದ್ದೇನೆ.