ನೋಡುವ ದ್ರಾಕ್ಷಿ, ತಿನ್ನುವ ದ್ರಾಕ್ಷಿ

ಮಾನ್ಯ ಆಡಳಿತ ನಿರ್ದೇಶಕರೇ,

ಮೇಡ್ಚಲ್ ದಾಟಿ ಹೆದ್ದಾರಿಯಿಂದ ಒಳಗೆ ಹೊರಳಿದಲ್ಲಿ ತಾವು ಕಟ್ಟಿರುವ ‘ಅಂಗೂರಿಯಾ ಕಂಟ್ರಿ ಹೋಮ್ಸ್’ ಬಡಾವಣೆಯ ನಿವಾಸಿ ಶಾಮಲಾ ರಾಘವೇಂದ್ರ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಾವೂ, ತಮ್ಮ ತಂಪಾದ ಕಚೇರಿಯೂ, ಅದರ ಗೋಡೆಯ ಮೇಲಿರುವ ಇಟಲಿಯ ಬೆಟ್ಟಗಳ ಚಿತ್ರವೂ ಕ್ಷೇಮವೆಂದು ನಂಬಿದ್ದೇನೆ.

ಎರಡನೆಯ ಹಂತದ ವಿಲ್ಲಾಗಳ ಉದ್ಘಾಟನೆಯ ದಿನ ನಮ್ಮ ಕುಟುಂಬವು ಕಂಪನಿಯ ಮಾನಕ್ಕೆ ಧಕ್ಕೆ ತಂದಿದೆಯೆಂದೂ, ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಬೇಕೆಂದೂ ತಾವು ಕಳಿಸಿದ ನೋಟಿಸು ತಲುಪಿತು. ಕ್ಷಮೆ ಕೇಳುವುದು ನನಗೆ ಹೊಸದಲ್ಲ. ನಿವೃತ್ತಳಾಗುವವರೆಗೂ ಸಿಕಂದರಾಬಾದ್ ಸ್ಟೇಷನ್ನಿನ ವಿಚಾರಣಾ ಕೌಂಟರಿನಲ್ಲಿ ಕೂತು, ನಾನು ಓಡಿಸದ ರೈಲುಗಳು ತಡವಾಗಿದ್ದಕ್ಕೆಲ್ಲ ಕ್ಷಮೆ ಕೇಳುತ್ತ ಬಂದವಳು ನಾನು. ಆದರೆ ಬಹಿರಂಗವಾಗಿ ಕೇಳುವುದೆಂದರೆ ನಡೆದದ್ದನ್ನೂ ಬಹಿರಂಗವಾಗಿಯೇ ಹೇಳಬೇಕಾಗುತ್ತದೆ. ಈ ಸುಯೋಗವನ್ನು ತಾವಾಗಿಯೇ ಒದಗಿಸಿಕೊಟ್ಟಿದ್ದಕ್ಕೆ ಮೊದಲು ಕೃತಜ್ಞತೆ ಸ್ವೀಕರಿಸಬೇಕು.

ನನ್ನ ಯಜಮಾನರಾದ ರಾಘವೇಂದ್ರ ಅವರ ಸೋದರಮಾವನ ದ್ರಾಕ್ಷಿ ತೋಟ ವಿಜಯಪುರದ ಹತ್ತಿರ ತಿಕೋಟಾದಲ್ಲಿತ್ತು. ಚಿಕ್ಕಂದಿನಲ್ಲಿ ಅಲ್ಲಿ ಕಳೆದ ರಜೆಗಳ ನೆನಪಿನಲ್ಲೇ ಅವರು ಮಲ್ಕಾಜ್‌ಗಿರಿಯ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಬಣ್ಣದ ಡಬ್ಬಿಯೊಳಗೆ ಒಂದಾದ ಮೇಲೊಂದು ಬಳ್ಳಿ ನೆಟ್ಟು ಒಣಗಿಸುತ್ತಿದ್ದರು. ನನ್ನಂತೆಯೇ ರೈಲ್ವೆಯಿಂದ ನಿವೃತ್ತರಾದ ಇಂಥ ಮನುಷ್ಯನನ್ನು ತಮ್ಮ ಮಾರಾಟ ವಿಭಾಗದ ಕುಮಾರಿ ಪಿಂಕಿಯವರು ಕಾರಿನಲ್ಲಿ ಕೂರಿಸಿಕೊಂಡು ಬಂದು, ಚಪ್ಪರದ ತುಂಬ ನೇರಳೆ ಗೊಂಚಲು ತೂಗುತ್ತಿದ್ದ ವಿಲ್ಲಾ ತೋರಿಸಿ, “ಅಂಕಲ್, ಸುಬಹ್ ಉಠೋ, ಖಿಡ್ಕಿ ಖೋಲೋ, ಅಂಗೂರ್ ತೋಡೋ!” ಎಂದರು. ಬೆಳಿಗ್ಗೆ ಎದ್ದು ಕಿಟಕಿ ತೆರೆದು ದ್ರಾಕ್ಷಿ ಕೀಳುವುದಷ್ಟೇ ಬಾಕಿ ಎಂದಾಗ ಯಾವ ರೈಲ್ವೆ ಪಿಂಚಣಿದಾರ ತಾನೇ ತಡೆದುಕೊಂಡಾನು? ಇವರು ಕಾರಿನಿಂದ ಇಳಿಯಹೋದಾಗ ಪಿಂಕಿಯವರು ತಡೆದು, ಈಗಷ್ಟೇ ಔಷಧಿ ಹೊಡೆದಿದ್ದಾರೆ, ಹತ್ತಿರ ಹೋದರೆ ಆರೋಗ್ಯಕ್ಕೆ ಕೆಟ್ಟದ್ದು ಎಂದರು. ನಮ್ಮ ಆರೋಗ್ಯದ ಮೇಲೆ ಇಷ್ಟು ಕಾಳಜಿಯುಳ್ಳ ಕಂಪನಿಯೆಂದು ಕರಗಿಹೋಗಿ, ನಾವು ಮಲ್ಕಾಜ್‌ಗಿರಿಯ ಫ್ಲ್ಯಾಟು ಮಾರಿಬಿಟ್ಟೆವು.

ಹೈದರಾಬಾದಿನ ಸುತ್ತ ಒಂದು ಕಾಲಕ್ಕೆ ನಿಜವಾದ ದ್ರಾಕ್ಷಿ ತೋಟಗಳಿದ್ದವು. ಅವನ್ನು ಕಿತ್ತು ಪ್ಲಾಟು ಮಾಡಿದರು. ಆ ಪ್ಲಾಟುಗಳ ಮೇಲೆ ಮತ್ತೆ ದ್ರಾಕ್ಷಿಯನ್ನು ತಂದು, ನೆಡುವ ಗೋಜಿಗೆ ಹೋಗದೆ ತಂತಿಯಿಂದ ಕಟ್ಟಿ ಮಾರಬಹುದೆಂದು ಕಂಡುಕೊಂಡ ತಮ್ಮ ಬುದ್ಧಿಗೆ ಕೃಷಿ ವಿಶ್ವವಿದ್ಯಾಲಯದವರು ಇನ್ನೂ ಶಾಲು ಹೊದೆಸಿಲ್ಲವೆಂಬುದು ನಾಚಿಕೆಗೇಡು.

ತಂತಿಯ ವಿಷಯ ಮೊದಲು ಪತ್ತೆ ಮಾಡಿದವರು ನಮ್ಮ ಅತ್ತೆ ಗೋದಾಬಾಯಿ. ಕಣ್ಣಿಗೆ ಪೊರೆ ಬಂದಿರುವುದರಿಂದ ಅವರಿಗೆ ಬಣ್ಣ ಮಾತ್ರ ಕಾಣುತ್ತದೆ, ಬಾಕಿಯದೆಲ್ಲ ಅಂದಾಜು. ಬಂದು ಇಳಿದ ಮರುದಿನವೇ ಮಡಿಯುಟ್ಟು, ಕೈಗೆಟುಕಿದ ಗೊಂಚಲು ಎಳೆದು ತಂದು, ವಿಠ್ಠಲನಿಗೆ ನೈವೇದ್ಯ ಮಾಡಿ, ಪ್ರಸಾದವೆಂದು ಒಂದನ್ನು ಬಾಯಿಗೆ ಹಾಕಿಕೊಂಡರು.

“ಶಾಮಲಾ, ಈ ದ್ರಾಕ್ಷಿ ಹಲ್ಲಿಗೆ ಬಗ್ಗವಲ್ದಲ್ಲ, ಇನ್ನೂ ಕಾಯಿ ಅದನೋ ಏನು?”

“ಉಗುಳ್ರಿ ಅತ್ಯಾ, ಅದು ಪ್ಲಾಸ್ಟಿಕ್ ಅದ!”

ಅತ್ತೆಯವರು ಉಗುಳಿದರು, ಬಾಯಿ ತೊಳೆದರು, ಮತ್ತೆ ಸ್ನಾನ ಮಾಡಿ ಬಂದು ದೇವರ ಮುಂದೆ ಕೂತು, “ವಿಠ್ಠಲಾ, ನಿನ್ನ ಬಾಯಾಗ ಏನು ಇಟ್ಟೆನೋ ನಾನು! ನೀನರ ಒಂದ್ ಮಾತು ಹೇಳಬಾರದಾಗಿತ್ತೇನು?” ಎಂದು ಅತ್ತರು. ತಮ್ಮ ಸಂಸ್ಥೆ ಪಾಂಡುರಂಗನಿಗೂ ಮೋಸ ಮಾಡಬಲ್ಲಷ್ಟು ಪ್ರೌಢವಾಗಿದೆಯೆಂಬ ಪ್ರಮಾಣಪತ್ರ ಬೇಕಿದ್ದರೆ ದಯವಿಟ್ಟು ತಿಳಿಸಿ, ಸಂತೋಷದಿಂದ ಬರೆದುಕೊಡುತ್ತೇನೆ.

ಚಪ್ಪರದ ಕೆಳಗೆ ನಿಜವಾದ ಬಳ್ಳಿಗಳೂ ಇದ್ದವೆಂದು ನ್ಯಾಯಕ್ಕಾಗಿ ಹೇಳಲೇಬೇಕು. ಕಟ್ಟಿಗೆಯಂತೆ ಒಣಗಿದ್ದರೂ ಇದ್ದವು. ನನ್ನ ಯಜಮಾನರು ಅವುಗಳಿಗೆ ನೀರು ಕೇಳಲು ತಮ್ಮ ಎಸ್ಟೇಟ್ ಮ್ಯಾನೇಜರ್ ತಿಪ್ಪೇಸ್ವಾಮಿಯವರ ಬಳಿಗೆ ಹೋದರು. ಮ್ಯಾನೇಜರು ಚಳ್ಳಕೆರೆಯ ಕಡೆಯವರು, ಕನ್ನಡದವರೆಂದು ಇವರು ಹಿಗ್ಗಿಯೇ ಹೋಗಿದ್ದರು. ಬೋರ್‌ವೆಲ್ಲಿನ ನೀರೆಲ್ಲ ಮುಖ್ಯದ್ವಾರದ ಕಾರಂಜಿಗೇ ಸಾಲುತ್ತಿಲ್ಲವೆಂದು ವಿವರಿಸಿದ ತಿಪ್ಪೇಸ್ವಾಮಿಯವರು, “ಸಾರ್, ನೋಡೋ ದ್ರಾಕ್ಷಿ ಬೇರೆ, ತಿನ್ನೋ ದ್ರಾಕ್ಷಿ ಬೇರೆ. ತಿನ್ನೋದು ಬೇಕಂದ್ರೆ ಆ್ಯಪ್‌ನಲ್ಲಿ ಆರ್ಡರ್ ಹಾಕಿ, ಬಾಗಿಲಿಗೇ ತಂದ್ಕೊಡ್ತಾರೆ” ಎಂದು ಸಲಹೆಯಿತ್ತು, ಚಹಾ ಕುಡಿಸಿ ಕಳಿಸಿದರು. ಅಂದಿನಿಂದ ನಮ್ಮ ಸ್ನಾನದ ನೀರನ್ನೂ ಅಕ್ಕಿ ತೊಳೆದ ನೀರನ್ನೂ ಬಕೆಟ್ಟಿನಲ್ಲಿ ಹೊತ್ತು ಬಳ್ಳಿಗಳಿಗೆ ಹಾಕುವುದು ಇವರ ನಿತ್ಯಕರ್ಮವಾಯಿತು.

ಆಗ ಶುರುವಾದವು ನೋಡಿ, ಮದುವೆಗೆ ಮುಂಚಿನ ಫೋಟೋ ಶೂಟ್‌ಗಳು. ತಮ್ಮ ಕರಾರುಪತ್ರದ ಪ್ರಕಾರ ನಮ್ಮ ಅಂಗಳವು ಬಡಾವಣೆಯ ‘ಸಾಮೂಹಿಕ ದೃಶ್ಯ ಸಂಪತ್ತು’ ಎಂಬುದು ನಮಗೆ ತಿಳಿದದ್ದೇ ಆವಾಗ. ಶನಿವಾರ, ಭಾನುವಾರ ಬಂತೆಂದರೆ ನೆಲ ಗುಡಿಸುವಂಥ ಗೌನು ತೊಟ್ಟ ವಧುಗಳೂ, ಬೆವರಿಳಿಸುವ ವರರೂ, ತಲೆಯ ಮೇಲೊಂದು ಡ್ರೋನೂ, ಬಣ್ಣದ ಹೊಗೆಯೂ ನಮ್ಮ ಅಡಿಗೆಮನೆಯ ಕಿಟಕಿಯವರೆಗೆ ಬಂದವು. ಒಂದು ದಿನ ಫೋಟೋಗ್ರಾಫರ್ ಮಹಾಶಯರೊಬ್ಬರು ಬಕೆಟ್ ಹಿಡಿದು ನಿಂತ ನನ್ನ ಯಜಮಾನರ ತಲೆಗೆ ಹುಲ್ಲಿನ ಟೋಪಿಯಿಟ್ಟು, “ಚಾಚಾ, ಥೋಡಾ ಝುಕ್ ಕೆ ಖಡೇ ರಹೋ, ಅಸಲೀ ಮಾಲೀ ಲಗ್ತಾ” ಎಂದರು. ಸ್ವಲ್ಪ ಬಾಗಿ ನಿಂತರೆ ಥೇಟ್ ತೋಟದ ಮಾಲಿಯಂತೆಯೇ ಕಾಣುತ್ತಾರಂತೆ. ಬೇಡವೆನ್ನಲು ಬಾರದ ಮನುಷ್ಯ. ತನ್ನದೇ ತೋಟದಲ್ಲಿ, ಯಾರದೋ ಮದುವೆಯ ಚಿತ್ರಕ್ಕೆ ಬೆನ್ನು ಬಾಗಿಸಿ ಮಾಲಿಯಾಗಿ ನಿಂತರು. ಅವರೆಲ್ಲ ಹೋದ ಮೇಲೆ ಟೋಪಿ ಬಿಚ್ಚಿಟ್ಟು ಒಳಗೆ ಬಂದು, “ಫ್ಲ್ಯಾಟು ಮಾರಬಾರದಿತ್ತು ನೋಡು ಶಾಮಲಾ” ಎಂದರು. ಆಮೇಲೆ ಅವರು ಹಗಲು ಹೊತ್ತು ಅಂಗಳಕ್ಕಿಳಿಯುವುದನ್ನೇ ಬಿಟ್ಟರು. ನೀರು ಹಾಕುವ ಕೆಲಸ ನನ್ನದಾಯಿತು. ಈ ಮಾತನ್ನು ತಮಾಷೆ ಮಾಡಿ ಬರೆಯಬೇಕೆಂದು ಕೂತೆ, ಆಗಲಿಲ್ಲ, ಮನ್ನಿಸಬೇಕು.

ಇಷ್ಟಾದರೂ ಒಂದು ಬಳ್ಳಿ ಚಿಗುರಿ, ಹೂಬಿಟ್ಟು, ಒಂದೇ ಒಂದು ಗೊಂಚಲು ಹಿಡಿಯಿತು. ಹಸಿರು, ಸಣ್ಣವು, ಒಂದರಂತೆ ಒಂದಿರಲಿಲ್ಲ. ಅತ್ತೆಯವರು ದಿನಾ ಬೆಳಿಗ್ಗೆ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಹಿಗ್ಗಿದೆಯೆಂದು ಮಗನಿಗೆ ವರದಿ ಒಪ್ಪಿಸುತ್ತಿದ್ದರು. ಅವರೂ ಬಾಗಿಲವರೆಗೆ ಬಂದು ನೋಡತೊಡಗಿದರು. ಉದ್ಘಾಟನೆಯ ಹಿಂದಿನ ದಿನ ತಮ್ಮ ಆಳುಗಳು ಹೊಸ ಪ್ಲಾಸ್ಟಿಕ್ ಗೊಂಚಲುಗಳನ್ನು ಕಟ್ಟಲು ಬಂದು, ಇದ್ದೊಂದು ನಿಜವಾದ ಗೊಂಚಲನ್ನು ಕತ್ತರಿಸಿ ಕಸದ ಬುಟ್ಟಿಗೆ ಎಸೆದರು. ಯಾಕೆಂದು ಕೇಳಿದ್ದಕ್ಕೆ ತಿಪ್ಪೇಸ್ವಾಮಿಯವರು, “ಮೇಡಂ, ಕಲರ್ ಮ್ಯಾಚ್ ಆಗಲ್ಲ” ಎಂದರು.

ಅತ್ತೆಯವರು ಅಳಲಿಲ್ಲ, ಬೈಯಲೂ ಇಲ್ಲ. “ನಾಳೆ ಮನಿಗೆ ಮಂದಿ ಬರ್ತಾರಲ್ಲ, ಬೆಳ್ಳಿ ತಾಟು ತೆಗದಿಡು” ಎಂದರು.

ಮರುದಿನ ತಮ್ಮ ಬಸ್ಸುಗಳಲ್ಲಿ ಬಂದಿಳಿದ ಗಿರಾಕಿಗಳನ್ನು ಪಿಂಕಿಯವರು ನಮ್ಮ ಚಪ್ಪರದ ಕಡೆಗೇ ಕರೆತಂದರು. ಅತ್ತೆಯವರು ಇಳಕಲ್ ಸೀರೆಯುಟ್ಟು ಕಟ್ಟೆಯ ಮೇಲೆ ಕೂತು, ಬಂದ ಹೆಣ್ಣುಮಕ್ಕಳನ್ನೆಲ್ಲ ಕರೆದು ಕುಂಕುಮ ಹಚ್ಚಿ, ತಾಟಿನಿಂದ ಒಂದೊಂದು ಗೊಂಚಲು ಕೈಗಿತ್ತರು. ಹೈದರಾಬಾದಿನ ಕೊಂಡಾಪುರದಿಂದ ಬಂದಿದ್ದ ಅನ್ವಿತಾ ಎಂಬ ಮಂಗಳೂರಿನ ಹುಡುಗಿ ಭಕ್ತಿಯಿಂದ ಒಂದನ್ನು ಬಾಯಿಗೆ ಹಾಕಿಕೊಂಡವಳು ಅಲ್ಲೇ ನಿಂತುಬಿಟ್ಟಳು.

“ಅಜ್ಜಿ, ಇದು ಪ್ಲಾಸ್ಟಿಕ್ ಅಲ್ವಾ?”

“ಹೌದು ನನ್ನವ್ವಾ, ಇಲ್ಲೆ ಇದೇ ಬೆಳೀತದ. ಭಾಳ ಬಾಳಿಕಿ ಬರ್ತಾವ. ಧೂಳಾದ್ರ ತೊಳದು ಮತ್ತ ಕಟ್ಟತಾರ. ಒಂದು ಖರೇದು ಹುಟ್ಟಿತ್ತು, ನಿನ್ನೆ ಅದನ್ನ ಕೊಯ್ದು ಒಗದ್ರು. ನೀವೂ ಮನಿ ತೊಗೋರಿ, ಆದ್ರ ಹಲ್ಲು ಗಟ್ಟಿ ಇರಬೇಕು ನೋಡ್ರಿ.”

ಅನ್ವಿತಾ ಇದನ್ನು ಹಿಂದಿಯಲ್ಲಿ ಹೇಳಿದಳು, ಯಾರೋ ತೆಲುಗಿನಲ್ಲಿ ಹೇಳಿದರು. ಗಂಡಸರು ಚಪ್ಪರಕ್ಕೆ ಕೈ ಹಾಕಿ ಎಳೆದು ನೋಡಿದರು. ಔಷಧಿ ಹೊಡೆದಿದ್ದಾರೆಂದು ಪಿಂಕಿಯವರು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ತಾವು ಮಾಡಿಸಿದ್ದ ಬಿರಿಯಾನಿಯನ್ನೂ ಉಣ್ಣದೆ ಬಸ್ಸುಗಳು ಹಿಂದಿರುಗಿದವು. ಇದಿಷ್ಟೇ ನಮ್ಮ ಅಪರಾಧ. ಅತಿಥಿಗಳಿಗೆ ಮನೆಯಲ್ಲಿ ಇದ್ದದ್ದನ್ನು ಕೊಟ್ಟೆವು.

ಅಂದು ಸಂಜೆ ನಡೆದದ್ದು ತಮ್ಮ ನೋಟಿಸಿನಲ್ಲಿಲ್ಲ, ಬಹುಶಃ ತಮಗಾರೂ ತಿಳಿಸಿಲ್ಲ. ಎಲ್ಲವನ್ನೂ ತಂತಮ್ಮ ಕಿಟಕಿಗಳಿಂದ ನೋಡಿದ್ದ ನೆರೆಹೊರೆಯವರು ನಮ್ಮ ಅಂಗಳಕ್ಕೆ ಬಂದರು. ಒಂದೊಂದು ಮನೆಯಲ್ಲೂ ಒಂದೊಂದು ಗೊಂಚಲಿನ ಕಥೆಯಿತ್ತು, ನಾಚಿಕೆಯಿಂದ ಯಾರೂ ಬಾಯಿಬಿಟ್ಟಿರಲಿಲ್ಲ. ಎಲ್ಲರೂ ಕೂಡಿ ದ್ವಾರದ ಕಡೆ ನಡೆದರು, ಮುಂದೆ ನನ್ನ ಯಜಮಾನರು. ಯಾರ ಬಾಗಿಲನ್ನೂ ಜೋರಾಗಿ ತಟ್ಟಿದವರಲ್ಲ ಅವರು. ಕಾರಂಜಿಯ ಪಕ್ಕದ ಚೇಂಬರಿಗೆ ಇಳಿದು, ವಾಲ್ವ್ ತಿರುಗಿಸಿ, ನೀರನ್ನು ತೋಟಗಳ ಕಡೆಗೆ ಬಿಟ್ಟರು. ತಿಪ್ಪೇಸ್ವಾಮಿಯವರು ಓಡಿಬಂದು “ಸಾರ್, ಹಂಗೆಲ್ಲ ಮುಟ್ಟಂಗಿಲ್ಲ” ಎಂದಾಗ ಇವರು, “ಮುಟ್ಟಿದ್ದಾತು. ಇನ್ನ ನೀವು ಮುಟ್ಟಬ್ಯಾಡ್ರಿ” ಎಂದರು. ನಮ್ಮ ಸಂಸಾರದುದ್ದಕ್ಕೂ ಅವರ ಆ ದನಿ ನಾನು ಕೇಳಿರಲಿಲ್ಲ. ಈಗ ಬೆಳಕು ಹರಿದರೆ ಅವರು ಅಂಗಳದಲ್ಲಿರುತ್ತಾರೆ. ಶೂಟಿಂಗಿನವರು ಬಂದರೆ ಪೈಪು ಹಿಡಿದೇ ಮಾತಾಡಿಸುತ್ತಾರೆ.

ಆದ್ದರಿಂದ ಮಾನ್ಯರೇ, ಬಹಿರಂಗ ಕ್ಷಮೆ ಇಗೋ. ಅನ್ವಿತಾಳ ಹಲ್ಲಿನ ಕ್ಷಮೆ ಕೇಳುತ್ತೇನೆ. ಕತ್ತರಿಸಿದ ಬಳ್ಳಿಯ ಕ್ಷಮೆ ಕೇಳುತ್ತೇನೆ. ತಮ್ಮ ಮಾನದ ಕ್ಷಮೆಯನ್ನೂ ಕೇಳಬೇಕೆಂದು ಬಹಳ ಹುಡುಕಿದೆ, ಬಡಾವಣೆಯಲ್ಲಿ ಎಲ್ಲಿಯೂ ಸಿಗಲಿಲ್ಲ. ಎರಡನೆಯ ಹಂತದಲ್ಲಿದ್ದರೆ ಕಳಿಸಿಕೊಡಿ. ಜೊತೆಗೆ ಕೆಲವು ವಿನಂತಿಗಳು: ಪ್ಲಾಸ್ಟಿಕ್ ಗೊಂಚಲನ್ನೂ ಬಿಡದೆ ಕಚ್ಚಿ, ಸಿಟ್ಟಿನಿಂದ ನಮ್ಮ ಹೆಂಚು ಒಡೆಯುವ ಮಂಗಗಳಿಗೆ ನೋಡುವ ಮತ್ತು ತಿನ್ನುವ ದ್ರಾಕ್ಷಿಗಳ ವ್ಯತ್ಯಾಸ ಕುರಿತು ತಿಪ್ಪೇಸ್ವಾಮಿಯವರಿಂದ ಉಪನ್ಯಾಸ ಕೊಡಿಸಬೇಕು. ನಿಜವಾದ ಜೇನುಹುಳಗಳು ಬರತೊಡಗಿವೆ, ಅವುಗಳ ಬಣ್ಣ ತಮ್ಮ ಬ್ರೋಷರಿಗೆ ಹೊಂದುತ್ತದೆಯೋ ಇಲ್ಲವೋ ಪರಿಶೀಲಿಸಬೇಕು. ತಾವೇ ಖುದ್ದಾಗಿ ಬಂದು ಒಂದು ಬೇಸಿಗೆ ಸಕುಟುಂಬ ಇಲ್ಲಿ ವಾಸ ಮಾಡಬೇಕು. ಈ ಕೊನೆಯದು ಅಸಾಧ್ಯವೆಂದು ಬಲ್ಲೆ, ಆದರೂ ಕೇಳುವುದು ನಾಗರಿಕಳ ಕರ್ತವ್ಯ.

ವಿಶ್ವಾಸವೆಂಬುದು ಇನ್ನೂ ತೊಳೆದು ಕಟ್ಟಬಹುದಾದಷ್ಟು ಮಟ್ಟಿಗೆ,
ತಮ್ಮ ವಿಶ್ವಾಸಿ,
ಶಾಮಲಾ ರಾಘವೇಂದ್ರ

ತಾ.ಕ.: ತಮ್ಮ ಮೂರನೆಯ ಹಂತಕ್ಕೆ ‘ಲೇಕ್ ವ್ಯೂ’ ಎಂದು ಹೆಸರಿಟ್ಟಿದ್ದೀರೆಂದೂ, ಅಲ್ಲಿದ್ದ ಕೆರೆಗೆ ಮಣ್ಣು ತುಂಬಿಯೇ ಅದನ್ನು ಕಟ್ಟುತ್ತಿದ್ದೀರೆಂದೂ ಕೇಳಿದೆವು. ಕೆರೆಗೆ ಇದಕ್ಕಿಂತ ಹತ್ತಿರದ ಮನೆ ಯಾರು ತಾನೇ ಕೊಟ್ಟಾರು! ಮೊದಲ ವಿಲ್ಲಾವನ್ನು ತಮಗಾಗಿಯೇ ಇಟ್ಟುಕೊಳ್ಳಬೇಕೆಂದು ನಮ್ಮೆಲ್ಲರ ಪ್ರಾರ್ಥನೆ. ಒಳ್ಳೆಯ ಮಳೆಗಾಲ ಬಂದಾಗ ಕೆರೆ ತನ್ನ ಜಾಗ ನೋಡಲು ಬರುತ್ತದೆ, ಬಾಗಿಲು ತೆರೆಯಲು ಯಾರಾದರೂ ಮನೆಯಲ್ಲಿರಬೇಕಲ್ಲ.