ಹೆಂಡತಿಯ ಹೊಸ ಮಂಡಿ ಮತ್ತು ನನ್ನ ಗೇಟು ಕಾವಲು

ಹೆದರುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕುಕ್ಕರು ಸೀಟಿ ಹೊಡೆಯಲು ತಡಮಾಡಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಂಥವನ ಹೆಂಡತಿಗೆ ಮಂಡಿ ಬದಲಿಸುವ ಆಪರೇಷನ್ ಆಯಿತು. ಚಿತ್ರದುರ್ಗದ ನಮ್ಮ ಮನೆಗೆ ಕಳಿಸುವಾಗ ಡಾಕ್ಟರು, "ಚಿಂತೆ, ಗಾಬರಿ ಜಾಸ್ತಿಯಾದ್ರೆ ಮೈ ಬಿಗಿಯುತ್ತೆ, ನೋವು ಹೆಚ್ಚುತ್ತೆ, ಗಾಯ ಮಾಯೋದೂ ನಿಧಾನ. ಈಗ ಮಂಡಿ ಬಗ್ಗದಿದ್ರೆ ಮುಂದೆ ಕಷ್ಟ. ಅವರನ್ನ ನೆಮ್ಮದಿಯಾಗಿಡಿ" ಎಂದರು. ಗಾಬರಿ ಅಲ್ಲೇ ಶುರುವಾಯಿತು, ನನಗೆ.

ನಮ್ಮ ಕಡೆ ಆಪರೇಷನ್ ಆದವರನ್ನು ಮಾತಾಡಿಸಲು ಬರುವವರು ಬ್ರೆಡ್ಡು, ಮೂಸಂಬಿಯ ಜೊತೆಗೆ ಆಪರೇಷನ್ ಕೆಟ್ಟುಹೋದ ಒಬ್ಬ ನೆಂಟನ ಕಥೆಯನ್ನೂ ತರುತ್ತಾರೆ. ಹಾಗಾಗಿ ನಾನು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ತುರುವನೂರಿನಿಂದ ಬಂದ ಅವಳ ಚಿಕ್ಕಮ್ಮನನ್ನೂ ಹೊಳಲ್ಕೆರೆಯ ಬೀಗರನ್ನೂ "ಮಲಗಿದಾಳೆ" ಎಂದು ಹೇಳಿ, ಹಣ್ಣು ಮಾತ್ರ ಇಸಿದುಕೊಂಡು ಕಳಿಸಿದೆ.

ಆದರೂ ಮಂಡಿ ಬಗ್ಗಲಿಲ್ಲ. ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿ ಮೇಡಂ ಕಾಲು ಮುಟ್ಟಿದರೆ ಸಾಕು, ತೊಡೆ ಕೊರಡಿನಂತೆ ಬಿಗಿದುಕೊಳ್ಳುತ್ತಿತ್ತು. ಬಿಪಿಯೂ ಏರಿತು. ಇವಳು ಇನ್ನು ಸರಿಯಾಗಿ ನಡೆಯುವುದೇ ಇಲ್ಲವೇನೋ ಎಂದು ನನಗೆ ಅನ್ನ ಸೇರಲಿಲ್ಲ. "ಏನ್ ಚಿಂತೆ ನಿಂಗೆ?" ಎಂದು ಕೇಳಿದ್ದೇ ತಡ, ಅಳತೊಡಗಿದಳು.

"ಬಂದೋರ್ನೆಲ್ಲ ಬಾಗ್ಲಾಗೇ ಕಳಿಸ್ತೀರಲ್ರೀ, ಒಂದ್ ಲೋಟ ಕಾಫಿನಾದ್ರೂ ಕೊಟ್ರಾ? ಬೀಗ್ರು ಏನಂದ್ಕಂಡಾರು? ಕಣ್ ಮುಚ್ಚಿದ್ರೂ ಗೇಟಿನ ಸದ್ದೇ ಕಿವಿಯಾಗೈತೆ!"

ಮರುದಿನ, ಮೇಡಂ ವ್ಯಾಯಾಮ ಮಾಡಿಸುತ್ತಿದ್ದಾಗಲೇ ಹೊಸದುರ್ಗದಿಂದ ನನ್ನ ಅಕ್ಕ ಬಂದಳು. ನನ್ನ ಕಾವಲು ಅವಳ ಮುಂದೆ ನಡೆಯುತ್ತದೆಯೇ? "ಸರಿಯಲೇ ಅತ್ಲಾಗೆ" ಎಂದು ಒಳನುಗ್ಗಿ, ಮಂಚದ ಮೇಲೇ ಕುಳಿತು, ಮಂಡಿ ಆಪರೇಷನ್ ಮಾಡಿಸಿಕೊಂಡ ತನ್ನ ಪಕ್ಕದ ಮನೆಯವನ ಕಥೆ ತೆಗೆದಳು. ಮಾತು ತಪ್ಪಿಸಲು ನಾನು ಜೋರಾಗಿ ಕೆಮ್ಮಿದೆ; ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಸೊಸೆಯ ಕೈಯಲ್ಲಿ ಕಾಫಿ ತರಿಸಿಕೊಳ್ಳುವ ಆಸೆಗೆ, ನಡೆಯಲು ಬಾರದವನಂತೆ ಮಲಗಿದ್ದ ಆ ಪುಣ್ಯಾತ್ಮ, ಒಂದು ದಿನ ಕೋತಿ ಒಳಗೆ ಬಂದದ್ದೇ ಮಹಡಿ ಹತ್ತಿ ನಿಂತನಂತೆ! ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುತ್ತಿದ್ದಾಗ ಮೇಡಂ ಮೆಲ್ಲಗೆ ಕಾಲು ಬಗ್ಗಿಸಿದರು. ಮಂಡಿ ಬಗ್ಗಿತು. ನನಗೆ ಕಣ್ಣಲ್ಲಿ ನೀರು ಬಂತು.

"ಹಿಂಗೇ ನಗ್ತಾ ಇರ್ರಿ ಅಮ್ಮ. ಜನ ಬರ್ಲಿ ಬಿಡ್ರಿ," ಎಂದರು ಮೇಡಂ.

"ಬರ್ಲಿ. ಇವ್ರನ್ನ ಮಾತ್ರ ಹೊರಗೇ ಕುಂದ್ರಿಸ್ರಿ," ಎಂದಳು ಹೆಂಡತಿ. "ಇವ್ರ ಮುಖ ನೋಡಿದ್ರೇ ನನ್ ಕಾಲು ಬಿಗೀತೈತೆ."

ಹಾಗಾಗಿ ಈಗಲೂ ಗೇಟಿನ ಬಳಿಯೇ ಇದ್ದೇನೆ. "ಒಳಗೆ ಹೋಗ್ರಿ, ಕಾಫಿ ಕುಡ್ಕಂಡೇ ಹೋಗ್ಬೇಕು" ಎನ್ನುವುದು ಹೊಸ ಕೆಲಸ. ನಿನ್ನೆ ಹಿರಿಯೂರಿನಿಂದ ಬಂದ ನೆಂಟರೊಬ್ಬರು ಮಾತ್ರ ಒಳಗೆ ಹೋಗಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತು, ಮೂಸಂಬಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಕನಿಕರದಿಂದ ಕೇಳಿದರು:

"ನೋವು ಬಾಳ ಐತೇನ್ರಿ? ಯಾವ್ ಕಾಲಿಗೆ ಮಾಡಿದ್ದು ಆಪರೇಷನ್ನು?"